ಎಳ್ಳಿಗಿಂತ ಚಿಕ್ಕದು

ನಾನು ಕನ್ನಡ ಪಾಠ ಹೇಳುವವನು. ಕೀಟಗಳಿಗೂ ನನಗೂ ಇದುವರೆಗೆ ಇದ್ದ ಸಂಬಂಧ ಎರಡೇ ಬಗೆಯದು: ಕಾವ್ಯದಲ್ಲಿ ಬರುವ ದುಂಬಿಯನ್ನು ತರಗತಿಯಲ್ಲಿ ಹೊಗಳುವುದು, ಮನೆಯಲ್ಲಿ ಬರುವ ಜಿರಲೆಯನ್ನು ಪೊರಕೆಯಿಂದ ಹೊಡೆಯುವುದು. ಇಂಥವನು ಕಾಲೇಜಿನ ಸಂಚಿಕೆಗೆ ಒಂದು ಹುಳುವಿನ ಮೇಲೆ ಪ್ರಬಂಧ ಬರೆಯಹೊರಟಿರುವುದನ್ನು ಕಂಡು ನನ್ನ ಸಹೋದ್ಯೋಗಿಗಳು ನಗಬಹುದು. ನಗಲಿ. ಹೋದ ಬೇಸಗೆಯ ರಜದಲ್ಲಿ ನನ್ನಿಂದ ಒಂದು ಅಪರಾಧ ನಡೆದುಹೋಗಿದೆ. ಅದನ್ನು ಎಲ್ಲಿಯಾದರೂ ಒಪ್ಪಿಕೊಳ್ಳದೆ ನನಗೆ ಸಮಾಧಾನವಿಲ್ಲ. ಸಂಪಾದಕ ಮಿತ್ರರು ಲೇಖನಕ್ಕಾಗಿ ಮೂರು ಸಲ ಬಂದು ಹೋಗಿದ್ದಾರೆ. ನಾಲ್ಕನೆಯ ಸಲ ಬರುವುದರೊಳಗೆ ಇದನ್ನು ಬರೆದು ಕೊಟ್ಟುಬಿಡುತ್ತೇನೆ.

ನಮ್ಮ ಊರು ತೀರ್ಥಹಳ್ಳಿಯ ಕಡೆ. ತೋಟವನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ರಜ ಬಂದರೆ ನಾನು ಹೋಗಿ ಹಲಸಿನ ಹಣ್ಣು ತಿಂದು ಬರುತ್ತೇನೆ. ತಮ್ಮನ ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಾಳೆ. ಹೋದ ಮೇ ತಿಂಗಳಲ್ಲಿ ಅವಳು ಬಂದಾಗ ಬಟ್ಟೆಬರೆಗಿಂತ ಹೆಚ್ಚು ಜೋಪಾನವಾಗಿ ತಂದದ್ದು ತನ್ನ ಗುರುಗಳಿಂದ ಕೇಳಿ ಪಡೆದ ಒಂದು ಸೂಕ್ಷ್ಮದರ್ಶಕವನ್ನು. ಬಂದ ಮರುದಿನವೇ ಕೊಟ್ಟಿಗೆಯ ಹಿಂದೆ, ಹಳೆಯ ಹಲಸಿನ ಮರದ ಬುಡದಲ್ಲಿ ಕೊಳೆತು ಬಿದ್ದಿದ್ದ ದರಗನ್ನು ಒಂದು ಚೀಲ ತುಂಬಿಕೊಂಡು ಬಂದಳು. ಅಡುಗೆಮನೆಯಿಂದ ದೊಡ್ಡ ಲಾಳಿಕೆಯನ್ನು ಎತ್ತಿಕೊಂಡು ಹೋಗಿ ಅದರ ಬಾಯಿಗೆ ತಂತಿಯ ಬಲೆ ಹಾಸಿ, ಬಲೆಯ ಮೇಲೆ ದರಗನ್ನು ಹರಡಿ, ಅದರ ಮೇಲೊಂದು ವಿದ್ಯುದ್ದೀಪವನ್ನು ತೂಗುಹಾಕಿದಳು. ಲಾಳಿಕೆಯ ಕೆಳಗೆ ಮದ್ಯಸಾರ ತುಂಬಿದ ಪುಟ್ಟ ಶೀಶೆ. ದೀಪದ ಕಾವಿಗೆ ದರಗು ಮೇಲಿನಿಂದ ಒಣಗುತ್ತ ಬರುತ್ತದೆ. ಒಳಗಿರುವ ಹುಳುಗಳು ತಂಪನ್ನು ಹುಡುಕುತ್ತ ಕೆಳಕೆಳಕ್ಕೆ ಸರಿದು ಕಡೆಗೆ ಶೀಶೆಯಲ್ಲಿ ಬೀಳುತ್ತವೆ. ಇಟಲಿಯ ಬೆರ್ಲೀಸೆ, ಸ್ವೀಡನ್ನಿನ ಟುಲ್‌ಗ್ರೆನ್ ಎಂಬ ಪಂಡಿತರು ರೂಢಿಗೆ ತಂದ ಉಪಾಯವಂತೆ ಇದು. ನಮ್ಮ ತಾಯಿ ಮಾತ್ರ, “ಎಣ್ಣೆ ಹೊಯ್ಯುವ ಲಾಳಿಕೆಯಲ್ಲಿ ಹುಳ ಸೋಸುತ್ತಾಳಲ್ಲ ಇವಳು!” ಎಂದು ಎರಡು ದಿನ ಗೊಣಗುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಶೀಶೆಯನ್ನು ಬೆಳಕಿಗೆ ಹಿಡಿದು, “ದೊಡ್ಡಪ್ಪ, ನೋಡಿ” ಎಂದಳು. ನೋಡಿದೆ. ತಳದಲ್ಲಿ ಒಂದಿಷ್ಟು ಕಸ ಕಂಡಿತು. ಹಾಗೆಂದೇ ಹೇಳಿದೆ. ಅವಳು ಏನೂ ಮಾತಾಡದೆ ಕುಂಚದ ಒಂದೆಳೆ ಕೂದಲಿನಿಂದ ಆ ಕಸದಲ್ಲಿ ಒಂದು ಕಣವನ್ನು ಎತ್ತಿ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದಳು.

ಆ ಕಸಕ್ಕೆ ಆರು ಕಾಲುಗಳಿದ್ದುವು! ಪ್ರತಿ ಕಾಲಿಗೂ ಉಗುರುಗಳಿದ್ದುವು. ತಲೆಯಿತ್ತು, ತಲೆಯ ಮೇಲೆ ಎರಡು ಮೀಸೆ, ಮೀಸೆಯ ಗೆಣ್ಣುಗೆಣ್ಣಿಗೂ ಬಳೆ ತೊಡಿಸಿದಂತೆ ಸುತ್ತಲೂ ನೀಳವಾದ ಕೂದಲು. ಬೆನ್ನ ಮೇಲೆ ಕಪ್ಪಗೆ ಹೊಳೆಯುವ ಎರಡು ಮೇಲ್ರೆಕ್ಕೆ. ಅದರಡಿಯಿಂದ ಹೊರಚಾಚಿದ್ದ ನಿಜವಾದ ರೆಕ್ಕೆ ರೆಕ್ಕೆಯಂತೆಯೇ ಇರಲಿಲ್ಲ, ಒಂದು ಸಣ್ಣ ದಂಟಿನ ಇಕ್ಕೆಲಕ್ಕೂ ರೋಮಗಳನ್ನು ಹೆಣೆದ ಗರಿಯಂತಿತ್ತು. ಕಣ್ಣನ್ನು ಎತ್ತಿ ಗಾಜನ್ನು ಬರಿಗಣ್ಣಿನಿಂದ ನೋಡಿದೆ. ಮತ್ತೆ ಅದೇ ಕಸ. ಐವತ್ತು ವರ್ಷ ನಾನು ಓಡಾಡಿದ ಹಿತ್ತಲು ಅದು. ಅಷ್ಟು ವರ್ಷವೂ ಇವನ್ನು ತುಳಿದುಕೊಂಡೇ ಓಡಾಡಿದ್ದೆನಲ್ಲ ಎನಿಸಿತು.

ಇವು ಜೀರುಂಡೆಗಳ ಜಾತಿ. ನಮ್ಮ ಕಡೆ ಜೀರುಂಡೆ ಎಂದರೆ ಮಳೆಗಾಲ ಸಮೀಪಿಸಿದಾಗ ಮರದಲ್ಲಿ ಕಿರ್ರೆಂದು ಕಿವಿ ಕೊರೆಯುವ ಹುಳು; ಅದು ಬೇರೆ. ಇಲ್ಲಿ ಹೇಳುವುದು, ಬೆನ್ನಿನ ಮೇಲೆ ಗಟ್ಟಿಯಾದ ಮೇಲ್ರೆಕ್ಕೆಯ ಮುಚ್ಚಳವುಳ್ಳ ಹುಳುಗಳನ್ನು. ಇವುಗಳಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳೇ ಸುಮಾರು ೪ ಲಕ್ಷ. ಅವುಗಳಲ್ಲಿ ಅತಿ ಚಿಕ್ಕವುಗಳ ಕುಟುಂಬ ಈ ಗರಿರೆಕ್ಕೆಯವು. ಶಾಸ್ತ್ರದಲ್ಲಿ ಇವುಗಳ ಹೆಸರು ಪ್ಟಿಲಿಯಿಡೀ. ಗ್ರೀಕಿನಲ್ಲಿ ಪ್ಟಿಲಾನ್ ಎಂದರೆ ಗರಿ. ಮೊದಲನೆಯ ಪಕಾರವನ್ನು ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ ಎಂದು ಮಗಳು ಹೇಳಿದಾಗ, ಹುಳುವಿಗೆ ತಕ್ಕ ಹೆಸರೇ ಎಂದುಕೊಂಡೆ: ಇದ್ದೂ ಇಲ್ಲದಂತೆ ಇರುವುದು.

ಇವು ಕೊಳೆತ ಎಲೆ, ಸಗಣಿ, ಮರದ ತೊಗಟೆ, ಅಣಬೆಗಳಲ್ಲಿ ಬೂಷ್ಟು ತಿಂದು ಬದುಕುತ್ತವೆ. ಬಹಳ ಮಟ್ಟಿಗೆ ಒಂದು ಮಿಲಿಮೀಟರಿಗಿಂತ ಚಿಕ್ಕವು. ನಿಕರಾಗುವ ದೇಶದಿಂದ ೧೯೯೯ರಲ್ಲಿ ವರ್ಣಿತವಾದ ಸ್ಕೈಡೊಸೆಲ್ಲ ಮುಸವಾಸೆನ್ಸಿಸ್ ಎಂಬುದು ಇವುಗಳಲ್ಲೆಲ್ಲ ಚಿಕ್ಕದು. ರಷ್ಯದ ಅಲೆಕ್ಸಿ ಪೊಲಿಲೊವ್ ಎಂಬ ವಿಜ್ಞಾನಿ ಕೊಲಂಬಿಯದ ಕಾಡಿನ ಅಣಬೆಯಿಂದ ಅದನ್ನು ಮತ್ತೆ ಹಿಡಿದು ೨೦೧೫ರಲ್ಲಿ ಸರಿಯಾಗಿ ಅಳೆದರು. ಅತಿ ಚಿಕ್ಕದರ ಉದ್ದ ೦.೩೨೫ ಮಿಲಿಮೀಟರ್. ನೀರಿನಲ್ಲಿ ಈಜುವ ಏಕಕಣ ಜೀವಿಗಳಲ್ಲಿ ಇದಕ್ಕೆ ಸಮನಾಗಿ ನಿಲ್ಲುವಂಥವು ಇವೆ. ಅಷ್ಟರೊಳಗೆ ಮಿದುಳು, ಕರುಳು, ಸ್ನಾಯು ಎಲ್ಲವೂ ಅಡಗಿರಬೇಕು. ಎಷ್ಟು ಇಕ್ಕಟ್ಟೆಂದರೆ ಈ ಕುಟುಂಬದ ಹೆಣ್ಣುಗಳು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯನ್ನು ಹೊರುತ್ತವೆ. ಆ ಒಂದೇ ಮೊಟ್ಟೆ ತಾಯಿಯ ಮೈಯ ಅರ್ಧದಷ್ಟು ಉದ್ದವಿರುವುದುಂಟು. “ಈ ಗಾತ್ರದ ಹುಳುವಿಗೆ ಗಾಳಿ ಜೇನುತುಪ್ಪದ ಹಾಗೆ, ದೊಡ್ಡಪ್ಪ. ಹಾರುವುದಲ್ಲ, ಈಜುವುದು. ಅದಕ್ಕೇ ರೆಕ್ಕೆ ಹಲಗೆಯಂತಿಲ್ಲದೆ ಗರಿಯಂತಿದೆ” ಎಂದಳು. ವಿಯೆಟ್ನಾಮಿನಲ್ಲಿ ಸಿಕ್ಕುವ ಇಂಥದೊಂದು ಹುಳು ಹಾರುವಾಗ ರೆಕ್ಕೆಯಿಂದ ಎಂಟರ ಅಂಕಿಯನ್ನು ಬರೆಯುತ್ತದೆಂದು ೨೦೨೨ರಲ್ಲಿ ತೋರಿಸಿದ್ದಾರಂತೆ.

ಮಧ್ಯಾಹ್ನದ ಹೊತ್ತಿಗೆ ಶೀಶೆಯಲ್ಲಿದ್ದ ಇಪ್ಪತ್ತು ಮೂವತ್ತು ಕಣಗಳಲ್ಲಿ ಒಂದನ್ನು ಅವಳು ಬೇರೆಯಾಗಿ ತೆಗೆದಿಟ್ಟಳು. ಉಳಿದವು ಕಪ್ಪು, ಇದು ತೆಳು ಹಳದಿ. ಉಳಿದವಕ್ಕೆ ಗರಿರೆಕ್ಕೆ ಉಂಟು, ಕಣ್ಣು ಉಂಟು. ಇದಕ್ಕೆ ಎರಡೂ ಇಲ್ಲ. “ಇದು ಹೊಸದೇನು?” ಎಂದು ನಾನು ಆತುರದಿಂದ ಕೇಳಿದೆ. ಅವಳು ತಕ್ಷಣ ಉತ್ತರ ಕೊಡಲಿಲ್ಲ. ಈ ಕುಟುಂಬದಲ್ಲಿ ಒಂದೇ ಪ್ರಭೇದದೊಳಗೆ ಕಣ್ಣೂ ರೆಕ್ಕೆಯೂ ಉಳ್ಳ ಕಪ್ಪು ರೂಪವೂ, ಎರಡೂ ಇಲ್ಲದ ಬಿಳಿಚಿದ ರೂಪವೂ ಇರುವುದುಂಟಂತೆ. ಹೊರಗಿನ ಚಹರೆಯನ್ನು ನಂಬುವಂತಿಲ್ಲ. ಹೆಣ್ಣಿನ ಹೊಟ್ಟೆಯೊಳಗೆ ವೀರ್ಯವನ್ನು ಕೂಡಿಡುವ ಒಂದು ಸಣ್ಣ ಚೀಲವಿದೆ, ಅದರ ಆಕಾರವನ್ನು ಬಿಡಿಸಿ ನೋಡಿಯೇ ಪ್ರಭೇದವನ್ನು ನಿರ್ಣಯಿಸಬೇಕು. “ಹೊಸದಿರಬಹುದು. ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟದ್ದೂ ಇರಬಹುದು. ನನ್ನ ಗುರುಗಳು ನೋಡಿ ಹೇಳಬೇಕು” ಎಂದಳು. ಅವಳ ದನಿ ಶಾಂತವಾಗಿತ್ತು. ಆದರೆ ಆ ರಾತ್ರಿ ಅವಳು ಊಟಕ್ಕೆ ಬಂದದ್ದು ನಾಲ್ಕು ಸಲ ಕರೆದ ಮೇಲೆ.

ಆ ರಾತ್ರಿಯೇ ಅವಳು ಕೀನ್ಯದ ಕತೆಯನ್ನು ಹೇಳಿದ್ದು. ೧೯೬೪–೬೫ರಲ್ಲಿ ವಿಲಿಯಂ ಬ್ಲಾಕ್ ಎಂಬ ವಿಜ್ಞಾನಿ ಕೀನ್ಯದಲ್ಲಿ ಮಣ್ಣು, ತರಗೆಲೆಗಳಿಂದ ಸಣ್ಣ ಹುಳುಗಳನ್ನು ಸೋಸಿ ಶೀಶೆಗಳಲ್ಲಿ ತುಂಬಿದರು. ಆ ಶೀಶೆಗಳು ಲಂಡನ್ನಿನ ಪ್ರಕೃತಿ ಇತಿಹಾಸ ಸಂಗ್ರಹಾಲಯವನ್ನು ಸೇರಿ ಕಪಾಟಿನಲ್ಲಿ ಕುಳಿತವು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅಲ್ಲಿ ಕೆಲಸ ಮಾಡುತ್ತಿದ್ದ ಮೈಕೆಲ್ ಡಾರ್ಬಿಯವರು ಅವನ್ನು ಹೊರತೆಗೆದು ನೋಡುತ್ತ, ೦.೭೯ ಮಿಲಿಮೀಟರ್ ಉದ್ದದ ಒಂದು ಹುಳುವನ್ನು ಕಂಡರು. ಕಣ್ಣಿಲ್ಲ, ರೆಕ್ಕೆಯಿಲ್ಲ, ಬಣ್ಣ ತೆಳು ಹಳದಿ. ಉದ್ದನೆಯ ಮೀಸೆಗಳೆರಡೂ ಹುಡುಗಿಯ ಜಡೆಗಳಂತೆ ಇಳಿಬಿದ್ದಿದ್ದುವು. ೨೦೧೯ರಲ್ಲಿ ಅದನ್ನು ವರ್ಣಿಸಿ ಪ್ರಕಟಿಸಿದಾಗ ನೆಲ್ಲೊಪ್ಟೋಡೆಸ್ ಗ್ರೆಟೇ ಎಂದು ಹೆಸರಿಟ್ಟರು. ಭೂಮಿಯ ಬಿಸಿ ಏರುತ್ತಿದೆಯೆಂದು ಶಾಲೆ ಬಿಟ್ಟು ಕುಳಿತು ಲೋಕದ ಗಮನ ಸೆಳೆದಿದ್ದ, ಆಗ ಹದಿನಾರು ವರ್ಷದ ಸ್ವೀಡನ್ನಿನ ಹುಡುಗಿ ಗ್ರೆಟಾ ಥನ್‌ಬರ್ಗಳ ಹೆಸರು ಅದು.

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಗ್ರೆಟಾ ಹೇಗೆ ಗ್ರೆಟೇ ಆಯಿತು? ವಿಚಾರಿಸಿದರೆ, ಅದು ಲ್ಯಾಟಿನ್ನಿನ ಷಷ್ಠೀ ವಿಭಕ್ತಿ! ಗ್ರೆಟಾ ಎಂಬ ಸ್ತ್ರೀಲಿಂಗ ಶಬ್ದಕ್ಕೆ ಷಷ್ಠಿ ಹತ್ತಿ ‘ಗ್ರೆಟಾಳ’ ಎಂದಾಗಿದೆ. ವಿಭಕ್ತಿಪ್ರತ್ಯಯಗಳನ್ನು ಕಂಠಪಾಠ ಮಾಡಿ ಏನು ಪ್ರಯೋಜನವೆಂದು ಪ್ರತಿ ವರ್ಷವೂ ನನ್ನನ್ನು ಕೇಳುವ ಹಿಂದಿನ ಬೆಂಚಿನ ಮಿತ್ರರು ಇದನ್ನು ಗಮನಿಸಬೇಕು. ಒಂದು ಹುಳುವಿಗೆ ಹೆಸರಿಡಬೇಕಾದರೂ ವ್ಯಾಕರಣ ಬೇಕು.

ಸಂತೋಷದ ಭರದಲ್ಲಿ, “ವರ್ಣನೆಯನ್ನೂ ಲ್ಯಾಟಿನ್ನಿನಲ್ಲಿಯೇ ಬರೆಯಬೇಕೆ?” ಎಂದು ಕೇಳಿದೆ. ಬೇಕಿಲ್ಲವಂತೆ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಹೆಸರು ಮಾತ್ರ ಲ್ಯಾಟಿನ್ ಲಿಪಿಯಲ್ಲಿರಬೇಕು. ವರ್ಣನೆ ಹೆಚ್ಚು ಜನ ಬಲ್ಲ ಭಾಷೆಯಲ್ಲಿರಲಿ ಎಂಬ ಸಲಹೆಯಿದೆಯೇ ಹೊರತು, ಇಂಥದೇ ಭಾಷೆಯೆಂಬ ಕಟ್ಟಳೆಯಿಲ್ಲ. “ಹಾಗಾದರೆ ಕನ್ನಡದಲ್ಲಿ ಬರೆದರೆ?” “ಬರೆಯಿರಿ ನೋಡೋಣ” ಎಂದಳು. ಇಪ್ಪತ್ತೆರಡು ವರ್ಷ ಅಷ್ಟಾದಶ ವರ್ಣನೆಗಳ ಪಾಠ ಹೇಳಿದವನಿಗೆ ಒಂದು ಹುಳು ಯಾವ ಲೆಕ್ಕ? ಮರುದಿನ ಬೆಳಿಗ್ಗೆ ಕಾಫಿ ಕುಡಿದು ಕುಳಿತು, ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇಣುಕಿ, ಹೀಗೆ ಬರೆದೆ: “ಎಳ್ಳಿಗಿಂತ ಚಿಕ್ಕದು, ಚಿನ್ನದ ಬಣ್ಣದ ಸುಂದರವಾದ ಮೈ, ಕೋಮಲವಾದ ಮೀಸೆ.”

ಅವಳು ಓದಿ, “ಯಾವ ಎಳ್ಳು ದೊಡ್ಡಪ್ಪ? ಕರಿಯೋ ಬಿಳಿಯೋ? ಎಷ್ಟು ಚಿಕ್ಕದು?” ಎಂದಳು. ನಾನು, “ನಿನ್ನೆ ನೀನು ಜೇನುತುಪ್ಪ ಎಂದೆಯಲ್ಲ, ಅದು ಯಾವ ಜೇನು?” ಎಂದೆ. ಅವಳು ನಕ್ಕುಬಿಟ್ಟಳು, ಆದರೆ ಬಿಡಲಿಲ್ಲ. “ಅದು ನಿಮಗೆ ತಿಳಿಯಲಿ ಎಂದು ಹೇಳಿದ ಮಾತು. ಇದು ನಾವು ಯಾರೂ ಇಲ್ಲದಾಗ, ಇನ್ನೊಂದು ದೇಶದಲ್ಲಿ ಕುಳಿತವನೊಬ್ಬ ತನ್ನ ಕೈಯಲ್ಲಿರುವ ಹುಳು ಇದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಬರೆಯುವ ಮಾತು. ಸುಂದರ ಎಂದರೆ ಅವನು ಏನು ಮಾಡಬೇಕು? ನಾಲ್ಕು ಲಕ್ಷ ಜೀರುಂಡೆಗಳಲ್ಲಿ ಸುಂದರವಲ್ಲದ್ದು ಯಾವುದು? ಇದರ ನೆಂಟರಿಷ್ಟರಲ್ಲಿ ಯಾವುದಕ್ಕೂ ಇಲ್ಲದ್ದು ಇದಕ್ಕೇನಿದೆ, ಅದನ್ನು ಹೇಳಿ.”

ಆ ಮಾತು ನನಗೆ ಚೆನ್ನಾಗಿ ತಗುಲಿತು. ಕಾಲೇಜು ಬಿಟ್ಟು ಹೋಗುವ ಹುಡುಗರಿಗೆ ನಾನು ಎಷ್ಟು ವರ್ಷದಿಂದ ನಡತೆಯ ಪತ್ರ ಬರೆದುಕೊಡುತ್ತ ಬಂದಿದ್ದೇನೆ! “ವಿನಯಶೀಲ, ಪರಿಶ್ರಮಿ, ಗುಣನಡತೆ ಉತ್ತಮ.” ಮಲೆನಾಡಿನವನಿಗೂ ಅದೇ, ಬಯಲುಸೀಮೆಯವಳಿಗೂ ಅದೇ. ಹೆಸರನ್ನು ಅದಲುಬದಲು ಮಾಡಿದರೆ ಯಾರಿಗೂ ತಿಳಿಯದು. ಅದು ವರ್ಣನೆಯಲ್ಲ, ವರ್ಣಿಸದೆ ತಪ್ಪಿಸಿಕೊಳ್ಳುವ ಜಾಣತನ. ಮೆಚ್ಚುವುದಕ್ಕೆ ಒಂದು ನಿಮಿಷ ಸಾಕು. ನೋಡುವುದಕ್ಕೆ ಅಷ್ಟು ಸಾಲದು.

ಆ ದಿನವೆಲ್ಲ ನೋಡಿದೆ. ಇಂಗ್ಲೆಂಡಿನಲ್ಲಿ ಆಂಡ್ರ್ಯೂ ಮ್ಯಾಥ್ಯೂಸ್ ಎಂಬ ಪಾದ್ರಿಯೊಬ್ಬರು ಈ ಗರಿರೆಕ್ಕೆಯ ಹುಳುಗಳನ್ನೇ ಕುರಿತು ೧೮೭೨ರಲ್ಲಿ ದೊಡ್ಡದೊಂದು ಗ್ರಂಥವನ್ನು ಚಿತ್ರಗಳೊಡನೆ ಪ್ರಕಟಿಸಿದ್ದರಂತೆ. ದೇವರ ಕೆಲಸ ಮಾಡುತ್ತಿದ್ದ ಪಾದ್ರಿಗೆ ಸಾಧ್ಯವಾದದ್ದು ಕನ್ನಡ ಪಂಡಿತನಿಗೇಕೆ ಆಗಬಾರದು? ಮಗಳು ಕಣ್ಣುಗಾಜಿನೊಳಗಿನ ಅಳತೆಗೆರೆಗಳನ್ನು ತೋರಿಸಿದಳು; ನಾನು ಅಳೆದೆ. ಮಾತುಗಳನ್ನೂ ಹುಡುಕಿದೆ. ಪಠ್ಯಪುಸ್ತಕದವರು ಸ್ಪರ್ಶತಂತು ಎನ್ನುತ್ತಾರೆ. ನಮ್ಮ ತಾಯಿ ಮೀಸೆ ಎನ್ನುತ್ತಾರೆ. ಮೀಸೆಯೇ ಇರಲಿ ಎಂದೆ. ಕೀಲು ಎನ್ನುವುದಕ್ಕಿಂತ ಕಬ್ಬು ಬಿದಿರುಗಳಿಗೆ ಹೇಳುವ ಗೆಣ್ಣು ಎಂಬುದೇ ಆ ಮೀಸೆಗೆ ಹೊಂದಿತು. ಒಂದೊಂದು ಮಾತೂ ಸಿಕ್ಕಿದಾಗ ಹುಳುವಿನ ಒಂದೊಂದು ಅಂಗ ಹೊಸದಾಗಿ ಕಂಡಂತಾಗುತ್ತಿತ್ತು. ಸಂಜೆಯ ಹೊತ್ತಿಗೆ ಎಂಟು ಸಾಲು ಆಗಿತ್ತು. ಮೀಸೆಯ ಗೆಣ್ಣಿನ ವಿಷಯದಲ್ಲಿ ಮಾತ್ರ ಒಮ್ಮತವಾಗಲಿಲ್ಲ: ಅವಳ ಎಣಿಕೆಗೆ ಹನ್ನೊಂದು, ನನ್ನ ಎಣಿಕೆಗೆ ಒಂಬತ್ತು.

ಇನ್ನು ಅಪರಾಧದ ವಿಷಯ. ಮರುದಿನ ಮುಂಜಾನೆ ಅವಳು ಹುಳುವನ್ನು ಒಣಗಿಸಿ ಬಿಳಿಯ ಕಾಗದದ ಚೂರಿನ ಮೇಲೆ ಇಟ್ಟಿದ್ದಳು. ಅಂಟು ತರಲು ಒಳಗೆ ಹೋಗುವಾಗ, “ಮುಟ್ಟಬೇಡಿ” ಎಂದು ಹೇಳಿಯೇ ಹೋದಳು. ನಾನು ಮುಟ್ಟಲಿಲ್ಲ. ಆ ಎರಡು ಗೆಣ್ಣುಗಳನ್ನು ಇನ್ನೊಮ್ಮೆ ಎಣಿಸಿಬಿಡೋಣವೆಂದು ಬಗ್ಗಿದೆ, ಅಷ್ಟೆ. ಮೂರು, ನಾಲ್ಕು, ಐದು ಎನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ನಮ್ಮ ತಾಯಿ ಸಾರಿಗೆ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರು. ಘಾಟು ನಡುಮನೆಯನ್ನು ದಾಟಿ ಬಂತು. ನಾನು ಸೀನಿದೆ.

ಕಣ್ಣು ಬಿಟ್ಟು ನೋಡಿದಾಗ ಬಿಳಿಯ ಕಾಗದವೂ ಅಲ್ಲಿರಲಿಲ್ಲ.

ಕಾಗದವೇನೋ ಮೇಜಿನಡಿಯಲ್ಲಿ ಸಿಕ್ಕಿತು. ಹುಳು? ಮೆಟ್ಟಿಲಿಗೆ ಮಣ್ಣು ಮೆತ್ತಿದ, ಗೋಡೆಗೆ ಸುಣ್ಣ ಉದುರುವ, ನೂರು ವರ್ಷದ ಮನೆಯ ಜಗಲಿಯಲ್ಲಿ ಮುಕ್ಕಾಲು ಮಿಲಿಮೀಟರಿನ ಹಳದಿ ಕಣವೊಂದನ್ನು ಹುಡುಕುವುದೆಂದರೇನು? ಇಬ್ಬರೂ ಟಾರ್ಚು ಹಿಡಿದು ನೆಲದ ಮೇಲೆ ಕುಳಿತು ಹುಡುಕಿದೆವು. ನಮ್ಮ ತಾಯಿ ಬಂದು, “ಏನು ಕಳೆಯಿತು, ಮೂಗುಬೊಟ್ಟೆ?” ಎಂದು ಕೇಳಿದರು. “ಅಲ್ಲ, ಹುಳ” ಎಂದೆ. “ಹುಳಕ್ಕೇನು, ಇನ್ನೊಂದು ಬಂದೀತು” ಎಂದು ಒಳಗೆ ಹೋದರು. ಮಗಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಮಧ್ಯಾಹ್ನದವರೆಗೂ ಹುಡುಕಿ, ಎದ್ದು, ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸಿದಳು. ಅವಳು ಮೊದಲ ದಿನ ಮೊಬೈಲಿನಲ್ಲಿ ತೆಗೆದಿದ್ದ ಒಂದು ಚಿತ್ರವಿತ್ತು; ಅದರಲ್ಲಿ ಕಾಣುವುದು ಮಸುಕಾದೊಂದು ಹಳದಿ ಚುಕ್ಕೆ.

“ಇನ್ನೊಂದು ಬಂದೀತು” ಎಂಬ ತಾಯಿಯ ಮಾತನ್ನೇ ಹಿಡಿದು ನಾನು ಚೀಲ ತೆಗೆದುಕೊಂಡು ಹಲಸಿನ ಮರದ ಕಡೆ ನಡೆದೆ. ಅಲ್ಲಿ ಹೋಗಿ ನಿಂತಾಗ ನನ್ನ ಎದೆ ಧಸಕ್ಕೆಂದಿತು. ಅಡಿಕೆ ಒಣಗಿಸುವ ಅಂಗಳ ಸಾಲದೆಂದು, ಕೊಟ್ಟಿಗೆಯ ಹಿಂದಿನ ಜಾಗವನ್ನು ಮಳೆಗೆ ಮೊದಲು ಸಮತಟ್ಟು ಮಾಡಿಸಬೇಕೆಂದು ತಮ್ಮನೂ ನಾನೂ ಯುಗಾದಿಯ ಹಬ್ಬದಲ್ಲೇ ಮಾತಾಡಿಕೊಂಡಿದ್ದೆವು. ನನ್ನ ಪಾಲಿನ ಹಣವನ್ನೂ ಕೊಟ್ಟಿದ್ದೆ. ಹಿಂದಿನ ದಿನ, ನಾನು ಜಗಲಿಯಲ್ಲಿ ಕುಳಿತು ಮೀಸೆಯ ಗೆಣ್ಣುಗಳನ್ನು ಎಣಿಸುತ್ತಿದ್ದಾಗ ಹೊರಗೆ ಗಡಗಡ ಸದ್ದು ಮಾಡುತ್ತಿದ್ದ ಯಂತ್ರ ಅದೇ ಕೆಲಸಕ್ಕೆ ಬಂದದ್ದು. ಸದ್ದಿಗೆ ಬೇಸರಪಟ್ಟುಕೊಂಡಿದ್ದೆನೇ ಹೊರತು ಅದು ಏನೆಂದು ಎದ್ದು ನೋಡಿರಲಿಲ್ಲ. ಮರದ ಬುಡವೂ ದರಗೂ ಕೆಂಪು ಮಣ್ಣಿನ ಕೆಳಗೆ ಸೇರಿಹೋಗಿದ್ದುವು. ಆಚೆ ಬೇಲಿಯ ಮಗ್ಗುಲಿನ ದರಗನ್ನೂ ಗೊಬ್ಬರದ ಗುಂಡಿಯ ಮೇಲ್ಪದರವನ್ನೂ ತಂದು ಮೂರು ಸಲ ಲಾಳಿಕೆಗೆ ಹಾಕಿದೆವು. ಕಪ್ಪು ಹುಳುಗಳು ಬೇಕಾದಷ್ಟು ಬಿದ್ದುವು. ಹಳದಿಯದು ಬೀಳಲಿಲ್ಲ.

ಹೊರಡುವ ದಿನ ಬಸ್ಸಿಗೆ ಕಾಯುತ್ತ ಮಗಳು ಹೇಳಿದಳು. ೧೯೯೯ರ ಈಚೆಗೆ ಹೊಸ ಪ್ರಭೇದವೊಂದಕ್ಕೆ ಹೆಸರಿಡುವವರು ಇಂಥದೇ ಮಾದರಿ ಇದಕ್ಕೆ ಆಧಾರ ಎಂದು ಸ್ಪಷ್ಟವಾಗಿ ಗೊತ್ತುಮಾಡಬೇಕೆಂದು ನಿಯಮವಿದೆ. ಮಾತು ಎಷ್ಟೇ ಚೆನ್ನಾಗಿರಲಿ, ಸಂದೇಹ ಬಂದಾಗ ಮತ್ತೆ ಹೋಗಿ ನೋಡಲು ಆ ಮೈ ಇರಬೇಕು. ಕೀನ್ಯದ ಹುಳು ಅರ್ಧ ಶತಮಾನ ಹೆಸರಿಲ್ಲದೆ ಕಾದದ್ದು ನಿಜ. ಆದರೆ ಯಾರೋ ಅದನ್ನು ಶೀಶೆಯಲ್ಲಿಟ್ಟು ಜೋಪಾನ ಮಾಡಿದ್ದರಿಂದ ಕಾಯುವುದಾದರೂ ಸಾಧ್ಯವಾಯಿತು. ನಮ್ಮದು ಎರಡು ದಿನ ಮಾತ್ರ ಲೋಕಕ್ಕೆ ಕಂಡು ಹೊರಟುಹೋಯಿತು. ಅದು ಹೊಸದಾಗಿತ್ತೇ? ತಿಳಿಯದು. ಇನ್ನು ತಿಳಿಯುವಂತೆಯೂ ಇಲ್ಲ. ಗೊತ್ತಿದ್ದದ್ದು ಕಳೆದರೆ ಇಂಥದು ಹೋಯಿತೆಂದು ಅಳಬಹುದು. ಏನು ಹೋಯಿತೆಂದೇ ತಿಳಿಯದ ನಷ್ಟಕ್ಕೆ ಏನೆಂದು ಅಳುವುದು?

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ತೋಟ ಗದ್ದೆಗಳ ಊರಿನಿಂದ ಬಂದವರು. ಅವರ ಹಿತ್ತಲಲ್ಲಿಯೂ ದರಗು ಇದೆ. ಅದನ್ನು ಗುಡಿಸುವುದಕ್ಕೆ ಮುನ್ನ ಒಂದು ಸಲ ಬಗ್ಗಿ ನೋಡಲಿ ಎಂಬುದಷ್ಟೇ ನನ್ನ ಬೇಡಿಕೆ. ಈ ವರ್ಷದ ರಜಕ್ಕೆ ಮಗಳು ಮತ್ತೆ ಬರುತ್ತಾಳೆ. ಬೇಲಿಯ ಮಗ್ಗುಲಿನ ದರಗನ್ನು ಯಾರೂ ಮುಟ್ಟಬಾರದೆಂದು ತಮ್ಮನಿಗೆ ಹೇಳಿದ್ದೇನೆ. ಒಗ್ಗರಣೆಯ ವಿಷಯದಲ್ಲಿ ತಾಯಿಯೊಡನೆ ಮಾತುಕತೆ ಇನ್ನೂ ನಡೆದಿದೆ.

ಅಂದು ಬರೆದ ಎಂಟು ಸಾಲು ನನ್ನ ಬಳಿ ಇವೆ. ಶಾಸ್ತ್ರದ ಕಣ್ಣಿಗೆ ಅವಕ್ಕೆ ಬೆಲೆಯಿಲ್ಲ. ಆದರೂ ಆ ಹುಳುವಿನ ಗುರುತಾಗಿ ಲೋಕದಲ್ಲಿ ಉಳಿದದ್ದು ಅಷ್ಟೇ ಆದ್ದರಿಂದ ಇಲ್ಲಿ ಕೊಡುತ್ತೇನೆ.

ಉದ್ದ ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ. ಅಗಲ ಉದ್ದದ ಅರ್ಧಕ್ಕೆ ಮುಟ್ಟದು.
ಬಣ್ಣ ತೆಳು ಹಳದಿ. ಕಾಲು, ಮೀಸೆ ಮೈಗಿಂತ ತೆಳುವು.
ಕಣ್ಣು ಇಲ್ಲ. ಕಣ್ಣಿರಬೇಕಾದ ಕಡೆ ಒಂದೊಂದು ನೀಳ ರೋಮ.
ಮೀಸೆಯ ಮೊದಲೆರಡು ಗೆಣ್ಣು ದಪ್ಪ, ನಡುವಿನವು ಸಣ್ಣ, ಕಡೆಯ ಮೂರು ಮತ್ತೆ ದಪ್ಪ. ಒಟ್ಟು ಹನ್ನೊಂದೆಂದು ಮಗಳ ಎಣಿಕೆ, ಒಂಬತ್ತೆಂದು ನನ್ನದು.
ಮೇಲ್ರೆಕ್ಕೆಯ ತುದಿ ದುಂಡು. ಬೆನ್ನಿನ ತುದಿ ಅದರಿಂದ ಹೊರಗೆ ಕಾಣುತ್ತದೆ.
ಗರಿರೆಕ್ಕೆ ಇಲ್ಲ.
ದೊರೆತ ಸ್ಥಳ: ಕೊಟ್ಟಿಗೆಯ ಹಿಂದೆ, ಹಲಸಿನ ಮರದ ಬುಡದ ದರಗು.
ಮಾದರಿ: ಇಲ್ಲ.